ಆ ಪುಸ್ತಕ ಯಾವ ಇಸವಿಯದು?

ಹೋದ ವರ್ಷದ ಮಳೆಗಾಲದಲ್ಲಿ ನಮ್ಮಜ್ಜಿಗೆ ಉಸಿರು ಕಟ್ಟತೊಡಗಿತು. ಮೊದಮೊದಲು ಬಾವಿಕಟ್ಟೆಯಿಂದ ಅಡುಗೆಮನೆಗೆ ಕೊಡ ತರುವಾಗ ಮಾತ್ರ ಏದುಸಿರು ಬರುತ್ತಿತ್ತು. ಆಮೇಲೆ ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗಿದರೂ ಎದ್ದು ಕೂರುವಂತಾಯಿತು. ಪಾದಗಳು ಊದಿ ಚಪ್ಪಲಿ ಹಿಡಿಸದಾದಾಗ ಹಾಸನಕ್ಕೆ ಕರೆದುಕೊಂಡು ಹೋದೆವು. ಎಕೋ ಮಾಡಿಸಿ ನೋಡಿದ ಹೃದಯತಜ್ಞರು, "ಹಾರ್ಟ್ ಫೇಲ್ಯೂರ್ ಇದೆ" ಅಂದರು. ಅಮ್ಮ ಅಲ್ಲೇ ಅಳುವುದಕ್ಕೆ ಶುರು ಮಾಡಿದಳು.

ಅಮ್ಮನ ತಪ್ಪೇನೂ ಇರಲಿಲ್ಲ. ನಮ್ಮ ಕಡೆ 'ಹಾರ್ಟ್ ಫೇಲ್ ಆಯ್ತು' ಅಂದರೆ ಮನುಷ್ಯ ಸತ್ತ ಎಂದೇ ಅರ್ಥ. ಅಜ್ಜಿಯೇನೋ ಎದುರಿಗೇ ಕೂತು ಎಲೆಯಡಿಕೆ ಚೀಲ ಹುಡುಕುತ್ತಿದ್ದಳು. ಪತ್ರಿಕೆಗಳಲ್ಲೂ ಹೃದಯಾಘಾತ, ಹೃದಯ ಸ್ತಂಭನ, ಹೃದಯ ವೈಫಲ್ಯ ಎಂಬ ಮೂರು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಓಡಾಡುತ್ತಿರುತ್ತವೆ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗ ಸಾಯುವುದು ಹೃದಯಾಘಾತ. ಬಡಿತವೇ ನಿಂತುಬಿಡುವುದು ಸ್ತಂಭನ. ವೈಫಲ್ಯ ಇವೆರಡೂ ಅಲ್ಲ. ಅಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ಆದರೆ ದೇಹ ಕೇಳಿದಷ್ಟು ರಕ್ತವನ್ನು ದೂಡಲಾರದು. ಹಿಂದೆ ಉಳಿದ ಒತ್ತಡಕ್ಕೆ ಶ್ವಾಸಕೋಶದಲ್ಲೂ ಕಾಲಿನಲ್ಲೂ ನೀರು ತುಂಬುತ್ತದೆ. ಈ ಸ್ಥಿತಿಯಲ್ಲಿ ವರ್ಷಗಟ್ಟಲೆ ಬದುಕುವವರಿದ್ದಾರೆ.

ನೀರಿಳಿಸುವ ಇಂಜೆಕ್ಷನ್ ಕೊಟ್ಟು, ವಾರದ ನಂತರ ಮನೆಗೆ ಕಳಿಸುವಾಗ ಬರೆದುಕೊಟ್ಟ ಚೀಟಿಯಲ್ಲಿ ಮೆಟೊಪ್ರೊಲಾಲ್ ಎಂಬ ಮಾತ್ರೆಯಿತ್ತು. 25 ಮಿಲಿಗ್ರಾಮಿನ ಮಾತ್ರೆಯಲ್ಲಿ ದಿನಕ್ಕೆ ಅರ್ಧ ಮಾತ್ರ. ಸಂಶೋಧನೆ ಮಾಡುವವರಿಗೆ ಇರುವ ಚಟ ನನಗೂ ಇದೆ. ಬೆಂಗಳೂರಿಗೆ ಮರಳಿದ ರಾತ್ರಿಯೇ, ಅವೆನ್ಯೂ ರಸ್ತೆಯಲ್ಲಿ ಯಾವತ್ತೋ ತೂಕದ ಲೆಕ್ಕದಲ್ಲಿ ಕೊಂಡಿದ್ದ ದಪ್ಪನೆಯ ಔಷಧಶಾಸ್ತ್ರದ ಪಠ್ಯವನ್ನು ತೆಗೆದು ನೋಡಿದೆ. ಈ ಜಾತಿಯ ಔಷಧಗಳಿಗೆ ಬೀಟಾ ಬ್ಲಾಕರ್ ಎನ್ನುತ್ತಾರೆ. ರಕ್ತದೊತ್ತಡಕ್ಕೆ ಕೊಡಬಹುದು, ಎದೆನೋವಿಗೆ ಕೊಡಬಹುದು ಎಂದೆಲ್ಲ ಬರೆದು, 'ಯಾರಿಗೆ ಕೊಡಬಾರದು' ಎಂಬ ಪಟ್ಟಿಯಲ್ಲಿ ಸ್ಪಷ್ಟವಾಗಿ ಹೇಳಿತ್ತು: ಹೃದಯ ವೈಫಲ್ಯ ಇರುವವರಿಗೆ.

ನನ್ನ ಕೈಕಾಲು ತಣ್ಣಗಾಯಿತು. ಬೆಳಗಾಗುವುದನ್ನೇ ಕಾದು ಅಜ್ಜಿಗೆ ಫೋನ್ ಮಾಡಿ, "ಆ ಅರ್ಧ ಮಾತ್ರೆ ತಗೋಬೇಡಜ್ಜಿ, ನಾನು ಬಂದು ಡಾಕ್ಟರ್ ಹತ್ರ ಮಾತಾಡ್ತೀನಿ" ಅಂದೆ. "ಓದಿರೋಳು ನೀನು, ನೀ ಹೇಳ್ದಂಗೆ ಆಗ್ಲಿ ಬಿಡು" ಅಂದಳು. ಎರಡು ದಿನ ಅವಳು ಮಾತ್ರೆ ನುಂಗಲಿಲ್ಲ. ಮೂರನೆಯ ದಿನ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಹಾಸನಕ್ಕೆ ಹೋದೆ. ತಜ್ಞರು ಸಿಟ್ಟಾಗಲಿಲ್ಲ. ಪುಟವನ್ನು ಓದಿ, ಪುಸ್ತಕ ಮುಚ್ಚಿ, ಬೆನ್ನು ತಿರುಗಿಸಿ ನೋಡಿ, "ಈ ಪುಸ್ತಕ ಯಾವ ಇಸವಿದಮ್ಮ?" ಎಂದು ಕೇಳಿದರು.

ನಾನು ಇತಿಹಾಸದ ವಿದ್ಯಾರ್ಥಿನಿ. ನನ್ನ ಪಿಎಚ್.ಡಿ. ಕೆಲಸ ಹಳೆಯ ಕಂದಾಯ ದಾಖಲೆಗಳ ಮೇಲೆ. ಯಾವ ಕಾಗದ ಕೈಗೆ ಬಂದರೂ ಮೊದಲು ಅದರ ತಾರೀಖು ನೋಡಬೇಕೆಂದು ಕಿರಿಯರಿಗೆ ಪಾಠ ಹೇಳುವವಳು. ಅವತ್ತು ಮುದ್ರಣದ ಪುಟ ತೆರೆದಾಗ ಕಂಡದ್ದು 1982. ಆ ಪುಸ್ತಕ ಸುಳ್ಳು ಹೇಳಿರಲಿಲ್ಲ. 1982ರಲ್ಲಿ ಜಗತ್ತಿನ ಬಹುಪಾಲು ವೈದ್ಯರು ನಂಬಿದ್ದನ್ನೇ ಅದು ಹೇಳಿತ್ತು. ಆ ನಂಬಿಕೆ ಹೇಗೆ ಹುಟ್ಟಿತು, ಯಾರು ಅದನ್ನು ಮುರಿದರು, ಮುರಿಯುವುದಕ್ಕೆ ಎಷ್ಟು ಕಾಲ ಹಿಡಿಯಿತು ಎಂದು ಹುಡುಕುತ್ತ ಹೋದಾಗ ನಾನು ತಲುಪಿದ್ದು ಸ್ವೀಡನ್ನಿನ ಗೋಥೆನ್‌ಬರ್ಗ್ ನಗರಕ್ಕೆ, ಫಿನ್ ವಾಗ್‌ಸ್ಟೈನ್ ಎಂಬ ಹೃದಯತಜ್ಞನ ಬಳಿಗೆ.

*

ಮೊದಲು ಆ ನಂಬಿಕೆಯ ಮಾತು. ನಾವು ಹೆದರಿದಾಗ, ಓಡಿದಾಗ ಎದೆ ಹೊಡೆದುಕೊಳ್ಳುವುದು ಅಡ್ರಿನಲಿನ್ ಮತ್ತು ಅದರ ಬಂಧುವಾದ ನಾರ್‌ಅಡ್ರಿನಲಿನ್‌ಗಳಿಂದ. ಇವು ಜೀವಕೋಶಗಳ ಮೇಲಿರುವ ಗ್ರಾಹಕಗಳನ್ನು ಹಿಡಿದು ಕೆಲಸ ಮಾಡುತ್ತವೆ. ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆಯೆಂದು 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಹೇಳಿದ. ಹೃದಯದಲ್ಲಿ ಪ್ರಧಾನವಾಗಿರುವುದು ಬೀಟಾ. ಆ ಬೀಟಾ ಗ್ರಾಹಕಕ್ಕೆ ಅಡ್ಡ ಕೂತರೆ ಹೃದಯದ ದುಡಿತ ತಗ್ಗುತ್ತದೆ, ಎದೆನೋವು ಕಡಿಮೆಯಾಗುತ್ತದೆ ಎಂಬ ಯೋಚನೆಯಿಂದ ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಪ್ರೊಪ್ರನಲಾಲ್ ತಯಾರಿಸಿದ. 1988ರ ನೊಬೆಲ್ ಪ್ರಶಸ್ತಿಯಲ್ಲಿ ಅವನಿಗೂ ಪಾಲು ಸಿಕ್ಕಿತು.

ಹೃದಯ ವೈಫಲ್ಯದ ರೋಗಿಗಳಲ್ಲಿ ನಾರ್‌ಅಡ್ರಿನಲಿನ್ ಪ್ರಮಾಣ ಹೆಚ್ಚಿರುತ್ತದೆಂದು ಅದೇ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಯೂಜೀನ್ ಬ್ರೌನ್‌ವಾಲ್ಡ್ ಮತ್ತು ಸಂಗಡಿಗರು ತೋರಿಸಿದರು. ಈ ನರವ್ಯೂಹದ ಒತ್ತಾಸೆಯನ್ನು ಔಷಧದಿಂದ ತಡೆದು ನೋಡಿದಾಗ ಕೆಲವು ರೋಗಿಗಳ ಸ್ಥಿತಿ ಹದಗೆಟ್ಟಿತು. ಅದರಿಂದ ಹೊರಟ ತೀರ್ಮಾನ ತರ್ಕಬದ್ಧವಾಗಿಯೇ ಇತ್ತು. ಸೋತ ಹೃದಯ ನಿಂತಿರುವುದೇ ಅಡ್ರಿನಲಿನ್ನಿನ ಊರುಗೋಲಿನ ಮೇಲೆ, ಅದನ್ನು ಕಿತ್ತುಕೊಂಡರೆ ಬೀಳುತ್ತದೆ. ಪ್ರಯೋಗ ನಿಜ, ರೋಗಿಗಳು ಹದಗೆಟ್ಟದ್ದೂ ನಿಜ. ನನ್ನ 1982ರ ಪುಸ್ತಕದ ಸಾಲಿನ ಹಿಂದಿದ್ದದ್ದು ಇಂಥ ಸಾಕ್ಷ್ಯ.

ಹಾಗಾಗಿ ಆ ಕಾಲದ ಚಿಕಿತ್ಸೆಯೆಂದರೆ ಎರಡೇ ದಾರಿ. ಮೂತ್ರ ಹೆಚ್ಚಿಸಿ ನೀರು ಇಳಿಸುವುದು ಒಂದು. ಇನ್ನೊಂದು ಡಿಜಿಟಾಲಿಸ್, ಅಂದರೆ 1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯ ಪುಸ್ತಕ ಬರೆದು ಜಗತ್ತಿಗೆ ಪರಿಚಯಿಸಿದ, ಫಾಕ್ಸ್‌ಗ್ಲವ್ ಎಂಬ ಹೂಗಿಡದ ಎಲೆಯ ಔಷಧ. ಸೋತದ್ದಕ್ಕೆ ಬಲ ಕೊಡಬೇಕು ಎನ್ನುವುದು ಆ ಕಾಲದ ತಿಳಿವಳಿಕೆ. ಇದರ ಮುಂದೆ, ಸೋತ ಹೃದಯಕ್ಕೆ ಅದರ ವೇಗ ತಗ್ಗಿಸುವ ಮದ್ದು ಕೊಡಿ ಎನ್ನುವವನನ್ನು ಯಾರಾದರೂ ಏನೆಂದುಕೊಂಡಾರು?

*

ಗೋಥೆನ್‌ಬರ್ಗ್ ಸ್ವೀಡನ್ನಿನ ಪಶ್ಚಿಮ ಕರಾವಳಿಯ ಬಂದರು ನಗರ. ಅಲ್ಲಿನ ಸಾಲ್‌ಗ್ರೆನ್ಸ್ಕಾ ಆಸ್ಪತ್ರೆಯಲ್ಲಿ ವಾಗ್‌ಸ್ಟೈನ್ ಮತ್ತು ಓಕೆ ಯಾಲ್ಮಾರ್ಸನ್ 1970ರ ದಶಕದ ಆರಂಭದಲ್ಲಿ ಹೃದಯಾಘಾತವಾದವರಿಗೆ ಬೀಟಾ ಬ್ಲಾಕರ್ ಕೊಟ್ಟು ಎದೆನೋವು ತಗ್ಗುವುದನ್ನು ಅಭ್ಯಾಸ ಮಾಡುತ್ತಿದ್ದರು. ನಗರದ ಪಕ್ಕದ ಮೋಲ್ನ್‌ಡಾಲ್‌ನಲ್ಲೇ ಈ ಔಷಧಗಳನ್ನು ತಯಾರಿಸುತ್ತಿದ್ದ ಹೆಸ್ಲೆ ಕಂಪನಿ ಇತ್ತು. ಅಜ್ಜಿಯ ಮಾತ್ರೆಯಾದ ಮೆಟೊಪ್ರೊಲಾಲ್ ಹುಟ್ಟಿದ್ದು ಅಲ್ಲಿ. ಬೇರೆಡೆ ಪುಸ್ತಕದಲ್ಲಿ ಓದಿ ದೂರವಿಡುತ್ತಿದ್ದ ಔಷಧ ಇವರಿಗೆ ದಿನನಿತ್ಯದ ಒಡನಾಟದ್ದಾಗಿತ್ತು.

ಇವರ ಮುಂದೆ ಇನ್ನೊಂದು ಬಗೆಯ ರೋಗಿಗಳಿದ್ದರು. ರಕ್ತನಾಳ ಕಟ್ಟಿಕೊಂಡಿಲ್ಲ, ಆದರೂ ಹೃದಯ ಹಿಗ್ಗಿ, ತೆಳುವಾಗಿ, ಬಲಗುಂದಿರುತ್ತದೆ. ಇದಕ್ಕೆ ಕಾರ್ಡಿಯೋಮಯೋಪತಿ ಎನ್ನುತ್ತಾರೆ. ಕೆಲವರಲ್ಲಿ ಸುಮ್ಮನೆ ಮಲಗಿದ್ದಾಗಲೂ ನಾಡಿ ನೂರರ ಹತ್ತಿರ ಓಡುತ್ತಿತ್ತು. ಆ ಓಟ ದೇಹದ ಉಪಾಯವೋ, ಅಥವಾ ಅದೇ ರೋಗದ ಒಂದು ಭಾಗವೋ? ವಾಗ್‌ಸ್ಟೈನ್ ತಂಡ ಈ ಪ್ರಶ್ನೆಯನ್ನು ಹಿಡಿದುಕೊಂಡಿತು.

1975ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. ರೋಗಿಗಳು ಬರೀ ಏಳು ಜನ. ವಿಶ್ರಾಂತಿಯಲ್ಲಿ ಅವರ ನಾಡಿಬಡಿತ ಸರಾಸರಿ 98. ಆರು ಜನರಿಗೆ ಹೃದಯದ ತೊಂದರೆ ಕಾಣಿಸುವ ಮೊದಲು ವೈರಸ್ ಸೋಂಕಾಗಿತ್ತು. ಡಿಜಿಟಾಲಿಸ್, ಮೂತ್ರದ ಮಾತ್ರೆ ಎಲ್ಲ ಆಗಲೇ ನಡೆಯುತ್ತಿದ್ದವು, ಆದರೂ ಯಾರೂ ಸುಧಾರಿಸುತ್ತಿರಲಿಲ್ಲ. ಒಬ್ಬರಿಗೆ ಆಲ್‌ಪ್ರೆನಲಾಲ್, ಉಳಿದ ಆರು ಜನರಿಗೆ ಪ್ರ್ಯಾಕ್ಟಲಾಲ್ ಎಂಬ ಬೀಟಾ ಬ್ಲಾಕರ್ ಶುರು ಮಾಡಿದರು. ಎರಡರಿಂದ ಹನ್ನೆರಡು ತಿಂಗಳು ಮುಂದುವರಿಸಿದರು. ರೋಗಿಗಳು ಬೀಳಲಿಲ್ಲ. ದುಡಿಯುವ ಶಕ್ತಿ ಹೆಚ್ಚಿತು, ಹಿಗ್ಗಿದ್ದ ಹೃದಯದ ಗಾತ್ರ ಕುಗ್ಗಿತು.

ಏಳು ಜನರ ಅನುಭವದಿಂದ ವೈದ್ಯಶಾಸ್ತ್ರ ಬದಲಾಗುವುದಿಲ್ಲ. ಬದಲಾಗಲೂಬಾರದು. ಔಷಧ ಕೊಡದ ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ. ತಾವಾಗಿಯೇ ಚೇತರಿಸಿಕೊಳ್ಳುವವರು ಇದ್ದೇ ಇರುತ್ತಾರೆ, ವೈರಸ್ಸಿನ ನಂತರದ ಹೃದಯಗಳಲ್ಲಿ ಅದು ಅಪರೂಪವೂ ಅಲ್ಲ. ಸಾಲದ್ದಕ್ಕೆ, ಪ್ರ್ಯಾಕ್ಟಲಾಲನ್ನು ದಿನಾ ನುಂಗಿದ ಕೆಲವರಿಗೆ ಕಣ್ಣಿಗೂ ಚರ್ಮಕ್ಕೂ ಗಂಭೀರ ಹಾನಿಯಾಗುತ್ತದೆಂಬ ವರದಿಗಳು ಅದೇ ವೇಳೆಗೆ ಬಂದು, ಆ ಮಾತ್ರೆಯನ್ನೇ ಬಿಡಬೇಕಾಯಿತು. ಗೋಥೆನ್‌ಬರ್ಗಿನವರು ಮುಂದೆ ಮೆಟೊಪ್ರೊಲಾಲ್ ಕಡೆ ತಿರುಗಿದರು.

1979ರಲ್ಲಿ ಕಾರ್ಲ್ ಸ್ವೆಡ್‌ಬರ್ಗ್ ಮೊದಲ ಲೇಖಕನಾಗಿ ಇದೇ ತಂಡ ಲ್ಯಾನ್ಸೆಟ್‌ನಲ್ಲಿ ಇನ್ನೊಂದು ಲೇಖನ ಪ್ರಕಟಿಸಿತು. ಬೀಟಾ ಬ್ಲಾಕರ್ ಪಡೆದ 24 ರೋಗಿಗಳನ್ನು, ಅದನ್ನು ಪಡೆಯದ ಹಿಂದಿನ 13 ರೋಗಿಗಳ ದಾಖಲೆಯ ಜೊತೆ ಹೋಲಿಸಿ, ಔಷಧ ಪಡೆದವರು ಹೆಚ್ಚು ಕಾಲ ಬದುಕಿದರೆಂದು ತೋರಿಸಿದರು. ಮರುವರ್ಷದ ಲೇಖನ ಇನ್ನೂ ಕುತೂಹಲದ್ದು. ಸುಧಾರಿಸಿದವರಲ್ಲಿ ಔಷಧವನ್ನು ನಿಲ್ಲಿಸಿ ನೋಡಿದಾಗ ಹಲವರ ಹೃದಯ ಮತ್ತೆ ಹದಗೆಟ್ಟಿತು, ಮತ್ತೆ ಶುರು ಮಾಡಿದಾಗ ಸುಧಾರಿಸಿತು. ತಾವಾಗಿಯೇ ಚೇತರಿಸಿಕೊಂಡರು ಎನ್ನುವ ವಾದಕ್ಕೆ ಇದು ನೇರ ಉತ್ತರ. ಇದನ್ನು ಓದುವಾಗ ನನಗೆ ನನ್ನ ಫೋನ್ ಕರೆ ನೆನಪಾಗಿ ಪುಟ ಮಗುಚಲಾಗಲಿಲ್ಲ. ಅವರು ಕಣ್ಗಾವಲಿನಲ್ಲಿಟ್ಟು ಮಾಡಿದ್ದನ್ನು ನಾನು ಬೆಂಗಳೂರಿನಲ್ಲಿ ಕೂತು, ಒಂದು ಹಳೆಯ ಪುಸ್ತಕದ ಬಲದ ಮೇಲೆ, ಎಪ್ಪತ್ತೆಂಟರ ಅಜ್ಜಿಗೆ ಮಾಡಿದ್ದೆ. ಅವಳು ಔಷಧ ಶುರು ಮಾಡಿ ವಾರವಷ್ಟೇ ಆಗಿತ್ತು, ಪ್ರಮಾಣವೂ ಚಿಕ್ಕದಿತ್ತು. ಅದೃಷ್ಟಕ್ಕೆ ಏನೂ ಆಗಲಿಲ್ಲ.

*

ಆದರೂ ಜಗತ್ತು ಒಪ್ಪಲಿಲ್ಲ. ಬೇರೆ ದೇಶಗಳಲ್ಲಿ ಕೆಲವರು ಇದನ್ನು ಪರೀಕ್ಷಿಸಿದರು. ತಿಂಗಳೊಪ್ಪತ್ತು ಔಷಧ ಕೊಟ್ಟು ಅಳೆದು, ಪ್ರಯೋಜನವಿಲ್ಲ ಎಂದು ಬರೆದರು. ಅವರೂ ಸುಳ್ಳು ಹೇಳಲಿಲ್ಲ. ಬೀಟಾ ಬ್ಲಾಕರ್ ಶುರುವಾದ ಮೊದಲ ದಿನಗಳಲ್ಲಿ ಹೃದಯದ ಹಿಂಡುವ ಬಲ ನಿಜಕ್ಕೂ ತುಸು ಇಳಿಯುತ್ತದೆ. ರೋಗಿಗೆ ಸುಸ್ತು ಹೆಚ್ಚೆನಿಸಬಹುದು. ಬಲ ಏರತೊಡಗುವುದು ತಿಂಗಳುಗಳ ಮೇಲೆ. ಬೇಗ ನೋಡಿದವರಿಗೆ ಕಂಡದ್ದು ಇಳಿತ, ಕಾದು ನೋಡಿದವರಿಗೆ ಕಂಡದ್ದು ಏರಿಕೆ. ಹಿಂದಿನ ದಶಕದ ಪ್ರಯೋಗಗಳಿಗೂ ಗೋಥೆನ್‌ಬರ್ಗಿನ ಪ್ರಯೋಗಕ್ಕೂ ಇದ್ದ ದೊಡ್ಡ ವ್ಯತ್ಯಾಸ ಇದೇ: ಎಷ್ಟು ಕಡಿಮೆಯಿಂದ ಶುರು ಮಾಡಿದರು, ಎಷ್ಟು ದಿನ ಕಾದರು. ಅಜ್ಜಿಗೆ ಬರೆದ ಆ ಅರ್ಧ ಮಾತ್ರೆ ಡಾಕ್ಟರರ ಜಿಪುಣತನವಲ್ಲ, ಈ ಇತಿಹಾಸ ಕಲಿಸಿದ ಎಚ್ಚರ.

ನಡುವೆ ಬೇರೆ ಕಡೆಗಳಿಂದಲೂ ಸುಳಿವುಗಳು ಬಂದವು. 1982ರಲ್ಲಿ, ಅಂದರೆ ನನ್ನ ಪುಸ್ತಕ ಅಚ್ಚಾದ ವರ್ಷವೇ, ಮೈಕೆಲ್ ಬ್ರಿಸ್ಟೋ ಮತ್ತು ಸಂಗಡಿಗರು ಹೃದಯ ಕಸಿಯ ವೇಳೆ ತೆಗೆದ ಸೋತ ಹೃದಯಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬೀಟಾ ಗ್ರಾಹಕಗಳ ಸಂಖ್ಯೆಯೇ ಕುಸಿದಿರುವುದನ್ನು ತೋರಿಸಿದರು. ಬಿಡದೆ ಬಾಗಿಲು ತಟ್ಟುವವರಿದ್ದರೆ ಮನೆಯವರು ಬಾಗಿಲು ಹಾಕಿಕೊಳ್ಳುವಂತೆ, ಎಡೆಬಿಡದ ಅಡ್ರಿನಲಿನ್ ದಾಳಿಗೆ ಹೃದಯ ತನ್ನ ಗ್ರಾಹಕಗಳನ್ನು ಒಳಗೆಳೆದುಕೊಂಡಿತ್ತು. 1984ರಲ್ಲಿ ಜೇ ಕೋನ್ ಮತ್ತು ಸಂಗಡಿಗರು 106 ರೋಗಿಗಳನ್ನು ಗಮನಿಸಿ, ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದ್ದಷ್ಟೂ ಆಯಸ್ಸು ಕಡಿಮೆ ಎಂದು ಕಂಡರು. ಊರುಗೋಲು ಎಂದುಕೊಂಡದ್ದು ಬಾರುಕೋಲಾಗಿತ್ತು. ಗದ್ದೆಯಲ್ಲಿ ಸೋತ ಎತ್ತಿಗೆ ಬಾರಿಸಿದರೆ ನಾಲ್ಕು ಹೆಜ್ಜೆ ಇಡುತ್ತದೆ, ನಿಜ. ಇಟ್ಟ ನಾಲ್ಕು ಹೆಜ್ಜೆಯನ್ನಷ್ಟೇ ನೋಡಿದವನು ಬಾರುಕೋಲನ್ನು ಮದ್ದು ಎಂದುಕೊಳ್ಳುತ್ತಾನೆ.

ಬಾರುಕೋಲಿನ ಪರೀಕ್ಷೆಯೂ ನಡೆಯಿತು. ಹೃದಯ ಹಿಂಡುವ ಬಲವನ್ನು ಕೂಡಲೇ ಹೆಚ್ಚಿಸುವ ಮಿಲ್‌ರಿನೋನ್ ಎಂಬ ಮಾತ್ರೆಯನ್ನು ತೀವ್ರ ವೈಫಲ್ಯದ 1,088 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 1991ರಲ್ಲಿ ಹೊರಬಂತು. ಆ ಮಾತ್ರೆ ಪಡೆದವರಲ್ಲಿ ಸಾವು ಶೇ. 28ರಷ್ಟು ಹೆಚ್ಚಿತ್ತು.

ವಾಗ್‌ಸ್ಟೈನ್ ಮುಂದಾಳತ್ವದ ದೊಡ್ಡ ಪರೀಕ್ಷೆ ಪ್ರಕಟವಾದದ್ದು 1993ರಲ್ಲಿ. 383 ರೋಗಿಗಳು, ಅರ್ಧದಷ್ಟು ಜನರಿಗೆ ಮೆಟೊಪ್ರೊಲಾಲ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ವೈದ್ಯರಿಗೂ ಗೊತ್ತಿಲ್ಲ. ಫಲಿತಾಂಶ ಇಂದಿಗೂ ಓದಿ ಯೋಚಿಸುವಂಥದ್ದು. ಹೃದಯ ಕಸಿ ಬೇಕಾಗುವ ಮಟ್ಟಕ್ಕೆ ಹದಗೆಟ್ಟವರು ಹುಸಿಮಾತ್ರೆಯ ಗುಂಪಿನಲ್ಲಿ 19, ಮೆಟೊಪ್ರೊಲಾಲ್ ಗುಂಪಿನಲ್ಲಿ ಎರಡೇ ಜನ. ಹೃದಯದ ಬಲ, ನಡೆಯುವ ಶಕ್ತಿ ಎರಡೂ ಔಷಧದವರಲ್ಲಿ ಸುಧಾರಿಸಿದ್ದವು. ಆದರೆ ಸಾವಿನ ಲೆಕ್ಕ? ಔಷಧದವರಲ್ಲಿ 23, ಹುಸಿಮಾತ್ರೆಯವರಲ್ಲಿ 19. ಸಾವನ್ನು ತಡೆಯುತ್ತದೆ ಎಂದು ಹೇಳುವಂತಿರಲಿಲ್ಲ. ಸಾವು ಮತ್ತು ಕಸಿಯ ಅಗತ್ಯ ಎರಡನ್ನೂ ಕೂಡಿಸಿ ನೋಡಿದಾಗಿನ ಲಾಭವೂ ಸಂಖ್ಯಾಶಾಸ್ತ್ರದ ಗೆರೆಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ಹದಿನೆಂಟು ವರ್ಷ ಕಾದವರಿಗೆ ಸಿಕ್ಕದ್ದು ಅರ್ಧ ಗೆಲುವು. ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕಿದರು.

ಗಡಿಯಾರ ತಿರುಗಿದ್ದು ಆಮೇಲೆ. 1996ರಲ್ಲಿ ಅಮೆರಿಕದಿಂದ ಕಾರ್ವೆಡಿಲಾಲ್ ಎಂಬ ಇನ್ನೊಂದು ಬೀಟಾ ಬ್ಲಾಕರ್‌ನ ಒಳ್ಳೆಯ ಸುದ್ದಿ ಬಂತು. 1999ರಲ್ಲಿ ಎರಡು ಬೃಹತ್ ಪರೀಕ್ಷೆಗಳ ವರದಿಗಳು ಒಂದೇ ವರ್ಷ ಪ್ರಕಟವಾದವು. ಬೈಸೊಪ್ರೊಲಾಲ್ ಪರೀಕ್ಷೆಯಲ್ಲಿ 2,647 ರೋಗಿಗಳು. ಸತ್ತವರು ಔಷಧದ ಕಡೆ 156, ಹುಸಿಮಾತ್ರೆಯ ಕಡೆ 228. ಮೆಟೊಪ್ರೊಲಾಲ್ ಪರೀಕ್ಷೆಯಲ್ಲಿ 3,991 ರೋಗಿಗಳು. ಆ ಕಡೆ 145, ಈ ಕಡೆ 217. ಎರಡರಲ್ಲೂ ಸಾವಿನ ಅಪಾಯ ಸುಮಾರು ಮೂರನೇ ಒಂದು ಪಾಲು ಇಳಿದಿತ್ತು. ಲಾಭ ಇಷ್ಟು ಸ್ಪಷ್ಟವಾಗಿರುವಾಗ ಅರ್ಧ ಜನರಿಗೆ ಹುಸಿಮಾತ್ರೆ ಕೊಡುತ್ತಿರುವುದು ಸರಿಯಲ್ಲವೆಂದು ಎರಡು ಪರೀಕ್ಷೆಗಳನ್ನೂ ಅವಧಿಗೆ ಮುಂಚೆ ನಿಲ್ಲಿಸಿದರು. 'ಕೊಡಬಾರದು' ಪಟ್ಟಿಯಲ್ಲಿದ್ದ ಮದ್ದು 'ಕೊಡಲೇಬೇಕು' ಪಟ್ಟಿಗೆ ಬಂತು. ಏಳು ಜನರ ಲೇಖನದಿಂದ ಇಲ್ಲಿಗೆ 24 ವರ್ಷ.

*

2002ರಲ್ಲಿ ವೈದ್ಯಕೀಯದ ಕಿಂಗ್ ಫೈಸಲ್ ಪ್ರಶಸ್ತಿಯನ್ನು ಹೃದಯ ವೈಫಲ್ಯದ ಸಂಶೋಧನೆಗಾಗಿ ಇಬ್ಬರಿಗೆ ಹಂಚಿದರು. ಒಬ್ಬ ಫಿನ್ ವಾಗ್‌ಸ್ಟೈನ್, ಇನ್ನೊಬ್ಬ ಯೂಜೀನ್ ಬ್ರೌನ್‌ವಾಲ್ಡ್. ಸೋತ ಹೃದಯದಲ್ಲಿ ಅಡ್ರಿನಲಿನ್ ವ್ಯವಸ್ಥೆ ಏನು ಮಾಡುತ್ತದೆಂದು ಮೊದಲು ಬಿಡಿಸಿ ತೋರಿಸಿದವನ ಪಕ್ಕದಲ್ಲಿ, ಅದೇ ಕೆಲಸದಿಂದ ಹೊರಟ ತೀರ್ಮಾನವನ್ನು ತಲೆಕೆಳಗು ಮಾಡಿದವನು. ಇದನ್ನು ಓದಿದಾಗ ನನಗೆ ಮೊದಲು ವಿಚಿತ್ರವೆನಿಸಿತು. ಆಮೇಲೆ ನ್ಯಾಯವೆನಿಸಿತು. ಬ್ರೌನ್‌ವಾಲ್ಡ್ ಅಳೆದದ್ದು ತಪ್ಪಾಗಿರಲಿಲ್ಲ. ಇವತ್ತಿಗೂ, ಶ್ವಾಸಕೋಶದಲ್ಲಿ ನೀರು ತುಂಬಿ ಒದ್ದಾಡುತ್ತಿರುವ ರೋಗಿಗೆ ಬೀಟಾ ಬ್ಲಾಕರನ್ನು ಹೊಸದಾಗಿ ಶುರು ಮಾಡುವುದಿಲ್ಲ. ನೀರಿಳಿದು ಸ್ಥಿತಿ ಹದಕ್ಕೆ ಬಂದ ಮೇಲೆ, ಅತಿ ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಅಜ್ಜಿಗೂ ಮಾಡಿದ್ದು ಅದನ್ನೇ. ಹಳೆಯ ತಿಳಿವಳಿಕೆ ಅಳಿಸಿಹೋಗಿಲ್ಲ, ಅದರ ಜಾಗ ಎಲ್ಲಿ ಎಂಬುದು ಗೊತ್ತಾಗಿದೆ. ಹೃದಯದ ಹಿಂಡುವ ಬಲವೇ ಕುಸಿದಿರುವ ಬಗೆಯ ವೈಫಲ್ಯದಲ್ಲಿ ಈ ಲಾಭ ಸಾಬೀತಾಗಿದೆ. ಬಲ ಉಳಿದೂ ಸ್ನಾಯು ಬಿಗಿಯಾಗಿರುವ ಬಗೆಯಲ್ಲಿ ಹಾಗೆ ಹೇಳಲು ಬರುವುದಿಲ್ಲ.

ಇನ್ನೊಂದು ಮಾತು ನನ್ನನ್ನು ಬಿಡದೆ ಕಾಡಿತು. ಆ 24 ವರ್ಷಗಳಲ್ಲಿ ಈ ಮದ್ದು ಸಿಗದೆ ಹೋದವರ ಲೆಕ್ಕವೇನು? ಹಾಗೆಂದು ಏಳು ಜನರ ಲೇಖನ ನೋಡಿ 1975ರಲ್ಲೇ ಎಲ್ಲರಿಗೂ ಕೊಟ್ಟುಬಿಡಬೇಕಿತ್ತು ಎನ್ನಲಾಗುವುದಿಲ್ಲ. ಆಗ ಕೊಟ್ಟಿದ್ದರೆ ಪ್ರ್ಯಾಕ್ಟಲಾಲನ್ನೇ ಕೊಡುತ್ತಿದ್ದರು, ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದರು, ಬಹಳ ಜನ ಕಣ್ಣನ್ನೋ ಜೀವವನ್ನೋ ಕಳೆದುಕೊಳ್ಳುತ್ತಿದ್ದರು. ಕಾಯುವುದಕ್ಕೂ ಬೆಲೆಯಿದೆ, ಕಾಯದಿರುವುದಕ್ಕೂ ಇದೆ. ವಾಗ್‌ಸ್ಟೈನ್ ಮೇಲೆ ನನಗೆ ಗೌರವ ಬಂದದ್ದು ಅವನು ಎಲ್ಲರ ವಿರುದ್ಧ ನಿಂತ ಎಂಬ ಕಾರಣಕ್ಕಲ್ಲ. ಎಲ್ಲರ ವಿರುದ್ಧ ನಿಂತು ತಪ್ಪಾದವರೂ ವೈದ್ಯಶಾಸ್ತ್ರದ ಇತಿಹಾಸದಲ್ಲಿ ಬೇಕಾದಷ್ಟಿದ್ದಾರೆ. ತನ್ನ ಮಾತು ಸುಳ್ಳಾಗಬಹುದಾದ ಪರೀಕ್ಷೆಗಳನ್ನು ತಾನೇ ಮತ್ತೆ ಮತ್ತೆ ಕಟ್ಟಿದ, 23 ಮತ್ತು 19 ಎಂಬ ಅಂಕಿಗಳನ್ನೂ ಮುಚ್ಚಿಡಲಿಲ್ಲ ಎಂಬುದಕ್ಕೆ.

ಅವತ್ತು ಹಾಸನದಲ್ಲಿ ತಜ್ಞರು ಕೊನೆಗೆ ಹೇಳಿದ್ದು ಇಷ್ಟೇ. "ಅನುಮಾನ ಬಂದ್ರೆ ಕೇಳಮ್ಮ, ಎಷ್ಟು ಸಲ ಬೇಕಾದ್ರೂ ಕೇಳು. ಆದ್ರೆ ಮಾತ್ರೆ ನಿಲ್ಸೋಕೆ ಮುಂಚೆ ಕೇಳು." ಅವತ್ತೇ ಮಾತ್ರೆ ಮತ್ತೆ ಶುರುವಾಯಿತು. ಮೊದಲ ಮೂರು ವಾರ ಅಜ್ಜಿ, "ಇದು ತಗಂಡ ಮೇಲೆ ಮೈಯಲ್ಲಿ ಕಸುವೇ ಇಲ್ಲ ಕಣೇ" ಎಂದು ಗೊಣಗುತ್ತಿದ್ದಳು. ಈ ಸಲ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. "ಡಾಕ್ಟರ್‌ಗೂ ಹೇಳ್ತೀನಿ, ಆದ್ರೆ ಬಿಡ್ಬೇಡ. ಸ್ವಲ್ಪ ದಿನ ತಡ್ಕೋ" ಅಂದೆ. ಅರ್ಧ ಒಂದಾಯಿತು, ಒಂದು ನಿಧಾನವಾಗಿ 50 ಮಿಲಿಗ್ರಾಮ್ ಆಯಿತು, ಜೊತೆಗೆ ಬೇರೆ ಮಾತ್ರೆಗಳೂ ಸೇರಿದವು. ಸಂಕ್ರಾಂತಿಗೆ ಊರಿಗೆ ಹೋದಾಗ ಅವಳು ಒಂದೇ ದಿಂಬಿನ ಮೇಲೆ ಮಲಗಿದ್ದಳು. ಕೊಡ ಹೊರುವುದನ್ನು ಅಮ್ಮ ಬಿಡಿಸಿದ್ದಾಳೆ. ಚೊಂಬು ಹಿಡಿದುಕೊಂಡು ಬಾವಿಕಟ್ಟೆಗೆ ಹೋಗಿಬರುವುದನ್ನು ಬಿಡಿಸಲು ಯಾರಿಂದಲೂ ಆಗಿಲ್ಲ.

ಆ ಹಳೆಯ ಪುಸ್ತಕವನ್ನು ನಾನು ಮಾರಲಿಲ್ಲ. ಒಳಪುಟದಲ್ಲಿ, ನನ್ನ ಹೆಸರಿನ ಕೆಳಗೆ, ಪೆನ್ಸಿಲಿನಲ್ಲಿ ದೊಡ್ಡದಾಗಿ 1982 ಎಂದು ಬರೆದಿಟ್ಟಿದ್ದೇನೆ.